ಬೀರುವಿನ ಕ್ಯಾಮೆರಾ ಹೊರಗೆ ತರಿಸಿ: ಉನ್ನತ ಶಿಕ್ಷಣ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಉನ್ನತ ಶಿಕ್ಷಣ ಸಚಿವರಿಗೆ ನಮಸ್ಕಾರಗಳು.

ನಾನು ಸರ್ಕಾರಿ ಪದವಿ ಕಾಲೇಜೊಂದರಲ್ಲಿ ಪತ್ರಿಕೋದ್ಯಮದ ಅತಿಥಿ ಉಪನ್ಯಾಸಕ. ವರದಿಗಾರಿಕೆ, ಸಿನಿಮಾ, ಟಿವಿ, ವಿಡಿಯೋ ಎಡಿಟಿಂಗ್ ಎಲ್ಲವೂ ನನ್ನ ತಲೆಗೇ. ಪ್ರಾಂಶುಪಾಲರಿಗೆ ಹೇಳಿದೆ, ಜಂಟಿ ನಿರ್ದೇಶಕರ ಕಚೇರಿಗೆ ಬರೆದೆ, ವಿಶ್ವವಿದ್ಯಾಲಯಕ್ಕೂ ಬರೆದೆ. 'ಸೂಕ್ತ ಕ್ರಮಕ್ಕಾಗಿ ರವಾನಿಸಲಾಗಿದೆ' ಎಂಬ ಒಂದು ಸಾಲಿನ ಉತ್ತರ ಬಂತು. ಎಲ್ಲಿಗೆ ರವಾನೆಯಾಯಿತೋ ದೇವರೇ ಬಲ್ಲ. ಹಾಗಾಗಿ ಈಗ ನಾಲ್ಕು ಜನ ಓದುವ ಹಾಗೆ ನೇರವಾಗಿ ತಮಗೇ ಬರೆಯುತ್ತಿದ್ದೇನೆ.

ಕೇಳುವುದು ಒಂದೇ. ಕಾಲೇಜಿನ ಕ್ಯಾಮೆರಾ ವಿದ್ಯಾರ್ಥಿಗಳ ಕೈಗೆ ಸಿಗಬೇಕು. ಅದಕ್ಕೊಂದು ಆದೇಶ ಹೊರಡಿಸಿ.

ನಿಯಮಗಳನ್ನು ತಮಗೆ ನಾನು ಹೇಳಿಕೊಡಬೇಕಾಗಿಲ್ಲ. ಪಠ್ಯಕ್ರಮದಲ್ಲಿ ಪ್ರಾಯೋಗಿಕ ತರಗತಿ ಇದೆ. ಅದಕ್ಕೆ ಅಂಕ ಇದೆ. ಮಕ್ಕಳಿಂದ ಲ್ಯಾಬ್ ಶುಲ್ಕವೂ ತೆಗೆದುಕೊಳ್ಳುತ್ತೇವೆ. ನಮ್ಮ ವಿಭಾಗಕ್ಕೆ ಕ್ಯಾಮೆರಾ, ಟ್ರೈಪಾಡ್, ಕಾಲರ್ ಮೈಕ್ ಬಂದಿವೆ, ಸ್ಟಾಕ್ ರಿಜಿಸ್ಟರಿನಲ್ಲಿ ನಮೂದಾಗಿವೆ. ನಮೂದಾದ ದಿನವೇ ಬೀರು ಸೇರಿವೆ. ಯಾಕೆ ಅಂತ ಕೇಳಿದರೆ ಒಂದೇ ಮಾತು: "ಮಕ್ಕಳು ಬೀಳಿಸಿದರೆ ಯಾರು ಕಟ್ಟಿಕೊಡ್ತೀರಿ?" ಗುಮಾಸ್ತರು ಪ್ರಾಂಶುಪಾಲರ ಕಡೆ ಕೈ ತೋರಿಸುತ್ತಾರೆ, ಪ್ರಾಂಶುಪಾಲರು ಆಡಿಟ್‌ನವರ ಕಡೆ. ಯಾರನ್ನೂ ದೂರುವ ಹಾಗಿಲ್ಲ, ಎಲ್ಲರಿಗೂ ವಸೂಲಿ ಭಯ. ಆ ಭಯ ತೆಗೆಯುವ ಅಧಿಕಾರ ಇರುವುದು ತಮಗೆ.

ಇನ್ನು ತಪಾಸಣಾ ಸಮಿತಿ ಬಂದ ದಿನದ ಕಥೆ ಕೇಳಿ. ಇದನ್ನು ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ, ಕ್ಷಮಿಸಿ. ಹೊಟ್ಟೆಯೊಳಗೆ ಇಟ್ಟುಕೊಂಡು ಸಾಕಾಗಿದೆ.

ಅವತ್ತು ಕ್ಯಾಮೆರಾ ಉತ್ಸವಮೂರ್ತಿಯ ಹಾಗೆ ಹೊರಗೆ ಬಂತು. ಸೆಮಿನಾರ್ ಹಾಲಿನ ಮೂಲೆಗೆ ಹಸಿರು ಬಟ್ಟೆ ಕಟ್ಟಿ, ಬಾಗಿಲಿಗೆ 'ಸ್ಟುಡಿಯೋ' ಎಂದು ಪ್ರಿಂಟ್ ತೆಗೆದು ಅಂಟಿಸಿದರು. ಟ್ರೈಪಾಡಿನ ಪ್ಲಾಸ್ಟಿಕ್ ಕವರ್ ಬಿಚ್ಚುವುದಕ್ಕೂ ಬಿಡಲಿಲ್ಲ, ಗೀಚು ಬೀಳುತ್ತದಂತೆ. ಕೊನೆಯ ವರ್ಷದ ಒಬ್ಬ ಹುಡುಗಿಯನ್ನು ಕ್ಯಾಮೆರಾ ಹಿಂದೆ ನಿಲ್ಲಿಸಿ, "ಸುಮ್ನೆ ನೋಡ್ತಾ ಇರಮ್ಮ, ಏನೂ ಒತ್ತಬೇಡ" ಅಂದರು. ಸಮಿತಿಯ ಹಿರಿಯರೊಬ್ಬರು ಬಂದವರೇ, "ಎಲ್ಲಿ, ಒಂದು ನಿಮಿಷ ಶೂಟ್ ಮಾಡಿ ತೋರಿಸು" ಅಂದುಬಿಟ್ಟರು. ಹುಡುಗಿ ಆನ್ ಮಾಡುವ ಸ್ವಿಚ್ ಹುಡುಕಿದಳು. ಮೇಲೆ ನೋಡಿದಳು, ಪಕ್ಕ ನೋಡಿದಳು, ನನ್ನ ಮುಖ ನೋಡಿದಳು. ನಾನೇ ಹೋಗಿ ಆನ್ ಮಾಡಿದೆ. ಆಗಲಿಲ್ಲ. ಬ್ಯಾಟರಿ ತೆಗೆಯೋಣ ಅಂದರೆ ಅದು ಊದಿಕೊಂಡು ಒಳಗೇ ಕಚ್ಚಿಕೊಂಡಿತ್ತು. ಲೆನ್ಸ್ ಮುಚ್ಚಳ ತೆಗೆದೆ. ಗಾಜಿನೊಳಗೆ ಬಿಳಿ ಬಿಳಿ ಎಳೆ ಎಳೆಯಾಗಿ ಬೂಷ್ಟು.

ಆ ಹುಡುಗಿ ಪ್ರಾಯೋಗಿಕ ಪರೀಕ್ಷೆಯಲ್ಲಿ ತರಗತಿಗೇ ಮೊದಲು, ಸ್ವಾಮಿ. ಹೇಗೆ ಅಂತೀರಾ? ನಮ್ಮ ಪ್ರಾಯೋಗಿಕ ಪರೀಕ್ಷೆ ನಡೆಯುವುದು ರೆಕಾರ್ಡ್ ಪುಸ್ತಕದಲ್ಲಿ. ಕ್ಯಾಮೆರಾದ ಚಿತ್ರ ಬರೆದು ಭಾಗಗಳನ್ನು ಗುರುತಿಸಬೇಕು. ಲಾಂಗ್ ಶಾಟ್, ಮಿಡ್ ಶಾಟ್, ಕ್ಲೋಸಪ್‌ಗಳಿಗೆ ಪತ್ರಿಕೆಗಳಿಂದ ಫೋಟೋ ಕತ್ತರಿಸಿ ಅಂಟಿಸಬೇಕು. ಅವಳು ಅಂಟಿಸಿದ ಕ್ಲೋಸಪ್ ಬಹಳ ಚೆನ್ನಾಗಿತ್ತು. ಪೂರ್ತಿ ಅಂಕ ಬಂತು.

ಸಮಿತಿಯವರು ನಕ್ಕು ಮುಂದೆ ಹೋದರು. ಮರುವಾರ ನನಗೆ ನೋಟಿಸ್ ಬಂತು. ವಿಭಾಗದ ಬ್ಯಾಟರಿ ಮತ್ತು ಲೆನ್ಸ್ ಹಾಳಾಗಿರುವುದಕ್ಕೆ ಅದರ ಮೌಲ್ಯವನ್ನು ನಿಮ್ಮ ಗೌರವಧನದಿಂದ ಯಾಕೆ ಕಡಿತ ಮಾಡಬಾರದು, ವಿವರಣೆ ಕೊಡಿ. ಬೀರುವಿನ ಬೀಗದ ಕೈಯನ್ನು ಒಂದು ದಿನವೂ ನನ್ನ ಕೈಗೆ ಕೊಟ್ಟವರಲ್ಲ! ಲಿಥಿಯಂ ಬ್ಯಾಟರಿಯನ್ನು ಚಾರ್ಜ್ ಮಾಡದೆ ವರ್ಷಗಟ್ಟಲೆ ಇಟ್ಟರೆ ಅದು ಸಾಯುತ್ತದೆ. ಗಾಳಿಯಾಡದ ತೇವದ ಜಾಗದಲ್ಲಿ ಲೆನ್ಸಿಗೆ ಬೂಷ್ಟು ಹಿಡಿಯುತ್ತದೆ. ಕ್ಯಾಮೆರಾ ರಿಪೇರಿ ಮಾಡುವ ಯಾವ ಹುಡುಗನನ್ನು ಕೇಳಿದರೂ ಹೇಳುತ್ತಾನೆ. ಮಕ್ಕಳು ಬೀಳಿಸಿಬಿಡುತ್ತಾರೆ ಅಂತ ಕಾಪಾಡಿದ ಕ್ಯಾಮೆರಾವನ್ನು ಬೀರುವೇ ತಿಂದುಹಾಕಿತು. ವಿವರಣೆಯಲ್ಲಿ ಇದನ್ನೇ ಬರೆದೆ. ಭಾಷೆ ಸರಿಯಿಲ್ಲ, ಬೇರೆ ಬರೆದುಕೊಡಿ ಎಂದು ವಾಪಸ್ ಬಂತು.

ಇದು ನಮ್ಮ ಕಾಲೇಜಿನ ಒಂದು ಬೀರುವಿನ ಕಥೆ ಅಂತ ತಳ್ಳಿಹಾಕಬೇಡಿ. ಬೇರೆ ಕಾಲೇಜಿನ ಗೆಳೆಯರಿಗೆ ಹೇಳಿದರೆ ಯಾರಿಗೂ ಆಶ್ಚರ್ಯವಾಗಲಿಲ್ಲ. "ನಿಮ್ಮಲ್ಲಿ ಕ್ಯಾಮೆರಾ ಆದ್ರೂ ಬಂದಿದೆಯಲ್ಲ" ಅಂದರು.

ಕ್ಯಾಮೆರಾ ಕೈಗೆ ಸಿಕ್ಕರೆ ಏನಾಗುತ್ತದೆ ಅನ್ನುವುದನ್ನೂ ಹೇಳಬೇಕಲ್ವಾ. ಕಾಲೇಜಿನದು ಸಿಗಲಿಲ್ಲ ಅಂತ ಮಕ್ಕಳ ಮೊಬೈಲಿನಲ್ಲೇ ಒಂದು ಕಾರ್ಯಾಗಾರ ಮಾಡಿದೆ, ರಜೆ ದಿನ. ಒಬ್ಬ ಹುಡುಗ ತರಗತಿಯ ಗೋಡೆಯನ್ನು ಶೂಟ್ ಮಾಡುತ್ತಿದ್ದ. "ಸಾರ್, ಮೊಬೈಲ್ ಕೆಟ್ಟೋಯ್ತು" ಅಂತ ಓಡಿಬಂದ. ನೋಡಿದರೆ ಪರದೆಯಲ್ಲಿ ಕಪ್ಪು ಪಟ್ಟೆಗಳು ನಿಧಾನಕ್ಕೆ ತೇಲುತ್ತಿವೆ. ಮೊಬೈಲಿಗೆ ಏನೂ ಆಗಿರಲಿಲ್ಲ. ನಮ್ಮ ಕರೆಂಟು ಸೆಕೆಂಡಿಗೆ 50 ಆವರ್ತ. ಹಳೇ ಟ್ಯೂಬ್‌ಲೈಟು ಆವರ್ತಕ್ಕೆ ಎರಡರಂತೆ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಕ್ಯಾಮೆರಾಗೆ ಕಾಣುತ್ತದೆ. ಅವನ ಶಟರ್, ಅಂದರೆ ಒಂದೊಂದು ಚಿತ್ರಕ್ಕೆ ಬೆಳಕು ಒಳಗೆ ಬಿಡುವ ಹೊತ್ತು, ಸೆಕೆಂಡಿನ 1/60ರಲ್ಲಿತ್ತು. 1/50ಕ್ಕೆ ಇಳಿಸು ಅಂದೆ, ಆಗ ಪ್ರತಿ ಚಿತ್ರಕ್ಕೂ ಸರಿಯಾಗಿ ಎರಡೆರಡು ಮಿನುಗು. ಪಟ್ಟೆ ಮಾಯ. ಸುತ್ತ ನಿಂತಿದ್ದ ಮಕ್ಕಳೆಲ್ಲ "ಓ!" ಅಂದರು. ಆಮೇಲೆ ಪ್ರತಿಯೊಬ್ಬರೂ ಮೇಲೆ ಕೆಳಗೆ ಮಾಡಿ ಪಟ್ಟೆ ಬರಿಸಿ, ಓಡಿಸಿ ಆಟ ಆಡಿದರು. ಶಟರ್ ಸ್ಪೀಡ್ ಪಾಠವನ್ನು ಬೋರ್ಡಿನ ಮೇಲೆ ಬರೆದು ಬರೆದು ನನಗೇ ಬೇಜಾರು ಬಂದಿತ್ತು. ಅವತ್ತು ಎರಡೇ ನಿಮಿಷದಲ್ಲಿ ಮುಗಿಯಿತು.

ಅವತ್ತೇ ಇನ್ನೊಂದು. ಎಲ್ಲರೂ ಬಾಯಿ ಮುಚ್ಚಿಕೊಂಡು ಅರ್ಧ ನಿಮಿಷ ಕೋಣೆಯ ಬರೀ ಸದ್ದು ರೆಕಾರ್ಡ್ ಮಾಡಿ ಅಂದೆ. ಎಡಿಟಿಂಗ್‌ನಲ್ಲಿ ಮಾತಿನ ನಡುವಿನ ತೂತು ಮುಚ್ಚಲು ಅದು ಬೇಕು, ಧ್ವನಿ ಕೆಲಸ ಮಾಡುವವರೆಲ್ಲ ಇದನ್ನು ತೆಗೆದಿಟ್ಟುಕೊಳ್ಳುತ್ತಾರೆ. ಇಯರ್‌ಫೋನ್ ಹಾಕಿ ಕೇಳಿದರೆ ಫ್ಯಾನಿನ ಕಿರಗುಟ್ಟುವಿಕೆ, ದೂರದ ಮೋಟರು, ಯಾರದೋ ಬಳೆ. ಮೌನ ಅಂದುಕೊಂಡಿದ್ದರಲ್ಲಿ ಇಷ್ಟೆಲ್ಲ ಇತ್ತಾ ಅಂತ ಮಕ್ಕಳಿಗೆ ನಂಬಿಕೆಯೇ ಬರಲಿಲ್ಲ. ಇದಕ್ಕೆ ಯಾವ ಗೈಡ್ ಪುಸ್ತಕದಲ್ಲಿ ಉತ್ತರ ಸಿಗುತ್ತದೆ ಹೇಳಿ?

ಈ ಕಾರ್ಯಾಗಾರಕ್ಕೆ ಸಿಕ್ಕ ಬಹುಮಾನವನ್ನೂ ಕೇಳಿ. ರಜೆ ದಿನ ಕಾಲೇಜು ತೆರೆಸಿದ್ದಕ್ಕೆ ಒಂದು ಮೆಮೋ. ಕಾರ್ಯಾಗಾರದ ಗಂಟೆ ಬೋಧನಾ ಗಂಟೆಯಲ್ಲ, ಹಾಗಾಗಿ ಗೌರವಧನವೂ ಇಲ್ಲ. ನಮ್ಮಂಥ ಅತಿಥಿಗಳ ಪಾಡು ತಮಗೆ ಗೊತ್ತೇ ಇದೆ. ಗಂಟೆ ಲೆಕ್ಕ, ತಡವಾಗಿ ಬರುವ ಗೌರವಧನ, ಪ್ರತಿ ವರ್ಷ ಮತ್ತೆ ಅರ್ಜಿ, ಮತ್ತೆ ಕೌನ್ಸೆಲಿಂಗ್. ಮುಂದಿನ ವರ್ಷ ಇದೇ ಕಾಲೇಜಿನಲ್ಲಿ ಇರುತ್ತೇನೋ ಇಲ್ಲವೋ ಗೊತ್ತಿಲ್ಲದವನು ಕೈಯಿಂದ ಖರ್ಚು ಮಾಡಿ ಮೈಕ್ ತಂದಿದ್ದೇನೆ. ಆ ಮೈಕ್‌ನ ಲೆಕ್ಕ ಯಾರಿಗೂ ಬೇಡ. ಬ್ಯಾಟರಿ ಲೆಕ್ಕ ಮಾತ್ರ ಎಲ್ಲರಿಗೂ ಬೇಕು!

ಮಧ್ಯೆ ಒಮ್ಮೆ 'ಮಾಧ್ಯಮ ಶಿಕ್ಷಣದಲ್ಲಿ ಹೊಸ ವಿಧಾನಗಳು' ಅಂತ ನಮಗೇ ತರಬೇತಿ ಕೊಟ್ಟರು. ಬೆಳಗ್ಗೆಯಿಂದ ಸಂಜೆವರೆಗೆ ಸ್ಲೈಡು. ಮಾಡಿ ಕಲಿಯುವುದು ಎಷ್ಟು ಒಳ್ಳೆಯದು ಅಂತ ಕೂತು ಕೇಳಿ, ಸರ್ಟಿಫಿಕೇಟ್ ತೆಗೆದುಕೊಂಡು ಬಂದೆವು.

ಹೊಸದಂತೆ! ಜಗತ್ತಿನ ಮೊದಲ ಸಿನಿಮಾ ಶಾಲೆ ಮಾಸ್ಕೋದಲ್ಲಿ ಶುರುವಾಗಿದ್ದು 1919ರಲ್ಲಿ. ಕ್ರಾಂತಿಯ ಕಾಲ, ಕಚ್ಚಾ ಫಿಲ್ಮ್‌ಗೆ ಬರ. ಅಲ್ಲಿ ಪಾಠ ಮಾಡುತ್ತಿದ್ದ ಲೆವ್ ಕುಲೆಶೊವ್ ಕೈಕಟ್ಟಿ ಕೂರಲಿಲ್ಲ. ಫಿಲ್ಮ್ ಇಲ್ಲದೆಯೇ ದೃಶ್ಯಗಳನ್ನು ಆಡಿಸಿದ, ಹಳೇ ಚಿತ್ರಗಳ ತುಣುಕು ಕತ್ತರಿಸಿ ಜೋಡಿಸಿ ಮಕ್ಕಳಿಂದ ಪ್ರಯೋಗ ಮಾಡಿಸಿದ. ಒಬ್ಬ ನಟನ ಅದೇ ಮುಖದ ಪಕ್ಕ ಒಮ್ಮೆ ಸೂಪಿನ ಬಟ್ಟಲು, ಒಮ್ಮೆ ಶವಪೆಟ್ಟಿಗೆ ಇಟ್ಟರೆ ಮುಖದ ಭಾವವೇ ಬದಲಾದ ಹಾಗೆ ಕಾಣುತ್ತದೆ ಅನ್ನುವ ಪ್ರಸಿದ್ಧ ಪ್ರಯೋಗ ಅವನದೇ. ಅವರಿಗೆ ಫಿಲ್ಮ್ ಸಿಗಲಿಲ್ಲ. ನಮಗೆ ಬೀಗದ ಕೈ ಸಿಗುತ್ತಿಲ್ಲ.

ಅಷ್ಟು ದೂರ ಯಾಕೆ? 1943ರಲ್ಲೇ ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಸಿನಿಮಾಟೋಗ್ರಫಿ ಕಲಿಸುವುದು ಶುರುವಾಯಿತು. ದೇಶಕ್ಕೆ ಸ್ವಾತಂತ್ರ್ಯವೇ ಬಂದಿರಲಿಲ್ಲ. ಅಲ್ಲಿ ಕಲಿತ ವಿ.ಕೆ. ಮೂರ್ತಿಯವರು ಭಾರತದ ಮೊದಲ ಸಿನಿಮಾಸ್ಕೋಪ್ (ಅಗಲ ಪರದೆಯ) ಚಿತ್ರಕ್ಕೆ ಕ್ಯಾಮೆರಾ ಹಿಡಿದರು. 2008ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಅವರಿಗೆ ಬಂತು, ಆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕರು ಅವರೇ. ಛಾಯಾಗ್ರಾಹಕ, ನಿರ್ದೇಶಕ ಗೋವಿಂದ ನಿಹಲಾನಿ ಕಲಿತದ್ದೂ ಅಲ್ಲೇ. ಪುಣೆಯ ಸಿನಿಮಾ ಸಂಸ್ಥೆ 1960ರಲ್ಲಿ ಶುರುವಾಗಿದ್ದು ಪ್ರಭಾತ್ ಸ್ಟುಡಿಯೋ ಇದ್ದ ಜಾಗದಲ್ಲೇ. ಕೆಲಸ ನಡೆಯುತ್ತಿದ್ದ ಜಾಗದೊಳಗೇ ಶಾಲೆ. ಮೂರ್ತಿಯವರ ಕಾಲದಲ್ಲಿ ಯಾರಾದರೂ "ಬೀಳಿಸಿದರೆ ಯಾರು ಕಟ್ಟಿಕೊಡ್ತೀರಿ" ಅಂದಿದ್ದರೆ?

ದುಡ್ಡಿಲ್ಲ ಅನ್ನುವ ಉತ್ತರ ಮಾತ್ರ ದಯವಿಟ್ಟು ಬೇಡ. ನಾನು ಹೊಸ ಕ್ಯಾಮೆರಾ ಕೇಳುತ್ತಿಲ್ಲ. ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿಯಲ್ಲೇ ಒಳ್ಳೆಯ ಎಡಿಟಿಂಗ್ ಆಗುತ್ತದೆ, ಧ್ವನಿಗೆ ಆಡಾಸಿಟಿ ಇದೆ. ಸಿನಿಮಾ ಹುಟ್ಟಿದ ಕಾಲದ ಫ್ರಾನ್ಸಿನ ಲ್ಯುಮಿಯೇರ್ ಸಹೋದರರ ಮೊದಲ ಚಿತ್ರಗಳು ಒಂದೊಂದೂ ಸುಮಾರು 50 ಸೆಕೆಂಡ್, ಒಂದೇ ಶಾಟ್, ಕ್ಯಾಮೆರಾ ಅಲುಗಾಡುವುದಿಲ್ಲ. ಫ್ರಾನ್ಸ್‌ನಲ್ಲಿ ಶಾಲಾ ಮಕ್ಕಳಿಂದಲೇ ಅಂಥ ಒಂದು ನಿಮಿಷದ ಶಾಟ್ ಮಾಡಿಸುತ್ತಾರೆ. ಎಲ್ಲಿ ನಿಲ್ಲಬೇಕು, ಯಾವಾಗ ಶುರು ಮಾಡಬೇಕು, ಚೌಕಟ್ಟಿನೊಳಗೆ ಯಾರು ಬರುತ್ತಾರೆ, ಇಷ್ಟೇ ಯೋಚನೆ. ನಾನೂ ಮಾಡಿಸಿ ನೋಡಿದೆ. ಬಾಗಿಲ ಹತ್ತಿರ ಮೊಬೈಲ್ ಇಟ್ಟು ಒಂದು ನಿಮಿಷ ಕಾಯುವುದು ಎಷ್ಟು ಕಷ್ಟ ಅಂತ ರೀಲ್ಸ್ ಮಾಡುವ ಮಕ್ಕಳಿಗೆ ಅವತ್ತೇ ಗೊತ್ತಾಗಿದ್ದು. ಖರ್ಚು ಸೊನ್ನೆ. ಆದರೂ ಮೊಬೈಲಿನಲ್ಲಿ ಆಗದ ಕೆಲಸಗಳಿವೆ. ಫೋಕಸ್ ರಿಂಗ್ ಬೆರಳಲ್ಲಿ ತಿರುಗಿಸಬೇಕು. ಕ್ಯಾಮೆರಾ ಭಾರ ಹೆಗಲಿಗೆ ಗೊತ್ತಾಗಬೇಕು. ಚಾನೆಲ್‌ಗಳಿಗೆ ಕೆಲಸ ಕೇಳಿಕೊಂಡು ಹೋದ ನಮ್ಮ ಮಕ್ಕಳಿಗೆ ಮೊದಲ ಪ್ರಶ್ನೆಯೇ "ಕ್ಯಾಮೆರಾ ಹಿಡಿದಿದ್ದೀಯಾ?" ಅಂತ. ಚಿತ್ರ ಬರೆದಿದ್ದೇನೆ ಅನ್ನಬೇಕಾ?

ಆದ್ದರಿಂದ ಮತ್ತೆ ಅದೇ ಕೇಳುತ್ತೇನೆ. ಕ್ಯಾಮೆರಾ ಮಕ್ಕಳ ಕೈಗೆ ಕೊಡಿಸಿ. ಆದೇಶ ಬರೆಯಲು ಅಧಿಕಾರಿಗಳಿಗೆ ಸಮಯ ಇಲ್ಲದಿದ್ದರೆ ಕರಡು ನಾನೇ ಬರೆದುಕೊಟ್ಟಿದ್ದೇನೆ, ಸಹಿ ಮಾತ್ರ ತಮ್ಮದು:

"ಪತ್ರಿಕೋದ್ಯಮ ವಿಭಾಗಗಳ ಕ್ಯಾಮೆರಾ, ಮೈಕ್ ಹಾಗೂ ಇತರ ಉಪಕರಣಗಳನ್ನು ಪ್ರಾಯೋಗಿಕ ತರಗತಿ ಮತ್ತು ಕಾರ್ಯಾಗಾರಗಳಿಗಾಗಿ ವಿದ್ಯಾರ್ಥಿಗಳಿಗೆ ನೀಡತಕ್ಕದ್ದು. ಸಾಮಾನ್ಯ ಬಳಕೆಯಲ್ಲಿ ಆಗುವ ಹಾನಿಯನ್ನು ಉಪನ್ಯಾಸಕರಿಂದಾಗಲಿ ವಿದ್ಯಾರ್ಥಿಗಳಿಂದಾಗಲಿ ವಸೂಲಿ ಮಾಡತಕ್ಕದ್ದಲ್ಲ. ಕಾರ್ಯಾಗಾರದ ಅವಧಿಯನ್ನು ಬೋಧನಾ ಅವಧಿಯೆಂದು ಪರಿಗಣಿಸತಕ್ಕದ್ದು. ಪ್ರಾಯೋಗಿಕ ಪರೀಕ್ಷೆಯ ಅಂಕಗಳನ್ನು ವಿದ್ಯಾರ್ಥಿಯು ತಾನೇ ಚಿತ್ರೀಕರಿಸಿ ಸಂಕಲಿಸಿದ ಕೆಲಸಕ್ಕೆ ಮಾತ್ರ ನೀಡತಕ್ಕದ್ದು."

ಇದಕ್ಕೆ ಸಮಿತಿ ಬೇಡ, ಅಧ್ಯಯನ ವರದಿ ಬೇಡ. ಮುಂದಿನ ಸೆಮಿಸ್ಟರ್ ಶುರುವಾಗುವ ಮುಂಚೆ ಹೊರಡಿಸಿ. ಕೊನೆಯ ವರ್ಷದ ಮಕ್ಕಳಿಗೆ ಉಳಿದಿರುವುದು ಅದೊಂದೇ ಸೆಮಿಸ್ಟರ್.

ಬ್ಯಾಟರಿಯ ನೋಟಿಸ್ ಇನ್ನೂ ಬಾಕಿ ಇದೆ. ಅದನ್ನೂ ವಾಪಸ್ ತೆಗೆಸಿ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಅತಿಥಿ ಉಪನ್ಯಾಸಕ