ಬರೆಯೋಕೆ ಕೆಟ್ಟು ನೋಡಬೇಕಾಗಿಲ್ಲ, ಪುಟ್ಟೂ

ಚಿರಂಜೀವಿ ಪುಟ್ಟೂಗೆ ದೊಡ್ಡಮ್ಮನ ಆಶೀರ್ವಾದಗಳು.

ನಿನ್ನ ಪತ್ರ ಓದಿದೆ. ಜೈಲಲ್ಲಿದ್ದೇ ಬರೆಯೋಕೆ ಕಲಿತ ಅಮೆರಿಕದ ಕಾದಂಬರಿಕಾರ ಎಡ್ವರ್ಡ್ ಬಂಕರ್ ಥರ ಬದುಕಿದವರಿಗೆ ಮಾತ್ರ ಕ್ರೈಮ್ ಕಾದಂಬರಿ ಬರೆಯೋಕೆ ಆಗುತ್ತೆ, ನನ್ನದು ಸಪ್ಪೆ ಬದುಕು ಅಂತ ಬರೆದಿದ್ದೀಯ. ಅದಕ್ಕೇ ರಾತ್ರಿ ಹೊತ್ತು ಎಂಥೆಂಥವರ ಜೊತೆಯೋ ತಿರುಗುತ್ತಿದ್ದೀಯಂತೆ, 'ಅನುಭವಕ್ಕೆ'. ಓದಿ ಎದೆ ಧಸಕ್ ಅಂತು.

ಬಂಕರ್ ಬರೆದದ್ದು ನನಗೂ ತುಂಬಾ ಇಷ್ಟ. ಆದರೆ ನೀನು ಕಂಡಿರುವುದು 1992ರ 'ರಿಸರ್ವಾಯರ್ ಡಾಗ್ಸ್' ಸಿನಿಮಾದಲ್ಲಿ ಅವನು ಮಾಡಿದ ಮಿಸ್ಟರ್ ಬ್ಲೂ ಪಾತ್ರವನ್ನು. ಅದಕ್ಕೂ ಹಿಂದಿನದನ್ನು ನೋಡು. 1933ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಹುಟ್ಟಿದ. ಅಪ್ಪ ಅಮ್ಮ ಬೇರೆಯಾದರು. ಪುಟ್ಟ ಮಗು ಕಂಡವರ ಮನೆ, ಬಾಲಾಪರಾಧಿಗಳ ಶಾಲೆ ಅಂತ ಅಲೆಯಿತು. 17ಕ್ಕೆಲ್ಲ ಸ್ಯಾನ್ ಕ್ವೆಂಟಿನ್ ಜೈಲು, ಆಗ ಅಲ್ಲಿದ್ದ ಕೈದಿಗಳಲ್ಲೇ ಚಿಕ್ಕವನು. ಅನುಭವ ಬೇಕು ಅಂತ ಅವನು ಒಳಗೆ ಹೋದದ್ದಲ್ಲ ಮಗಾ. ಕೈ ಹಿಡಿಯುವವರಿಲ್ಲದ ಹುಡುಗ ಅವನು.

ಆ ಜೈಲಲ್ಲಿ ಇನ್ನೂ ಸಾವಿರಾರು ಜನ ಇದ್ದರು. ಎಲ್ಲರ ಹತ್ತಿರವೂ ಕಥೆ ಇತ್ತು. ಕೂತು ಬರೆದವರು ಎಷ್ಟು ಜನ? ಮರಣದಂಡನೆಗೆ ಕಾಯುತ್ತಿದ್ದ ಕ್ಯಾರಿಲ್ ಚೆಸ್‌ಮನ್ ಸೆಲ್ಲಿನಲ್ಲೇ ಪುಸ್ತಕ ಬರೆದದ್ದು ಕಂಡು ಬಂಕರ್‌ಗೆ ಆಸೆ ಹುಟ್ಟಿತು. ಮೂಕಿ ಚಿತ್ರಗಳ ನಟಿ ಲೂಯಿಸ್ ಫಜೆಂಡಾ ಅವನಿಗೊಂದು ಟೈಪ್‌ರೈಟರ್ ಕಳಿಸಿಕೊಟ್ಟರು. ಜೈಲಿನ ಲೈಬ್ರರಿಯಲ್ಲಿ ಸಿಕ್ಕಿದ್ದನ್ನೆಲ್ಲ ಓದಿದ. ಬರೆದದ್ದನ್ನು ಅಂಚೆಗೆ ಹಾಕಲು ಕಾಸಿಲ್ಲದೆ ರಕ್ತ ಮಾರಿದ. ಪುಟಗಳು ವಾಪಸ್ ಬಂದವು. ಮತ್ತೆ ಬರೆದ, ಮತ್ತೆ ಕಳಿಸಿದ. ಹೀಗೆ 17 ವರ್ಷ! ಮೊದಲ ಕಾದಂಬರಿ ಅಚ್ಚಾದದ್ದು 1973ರಲ್ಲಿ, ಆಗಲೂ ಅವನು ಒಳಗೇ ಇದ್ದ. ನೀನು ಒಂದೇ ಹಸ್ತಪ್ರತಿ ವಾಪಸ್ ಬಂದದ್ದಕ್ಕೆ ಇಷ್ಟು ಕುಗ್ಗಿದ್ದೀಯ, ಅಲ್ವಾ?

ಇನ್ನೊಂದು ಮಾತು. ಬರೆಯತೊಡಗಿದ ಕೂಡಲೇ ಅವನು ಸರಿಹೋಗಲಿಲ್ಲ. ಹೊರಗೆ ಬರುವುದು, ಮತ್ತೆ ಅಪರಾಧ, ಮತ್ತೆ ಜೈಲು. ಆಯಸ್ಸಿನ ಸುಮಾರು 18 ವರ್ಷ ಕಂಬಿ ಎಣಿಸಿಯೇ ಕಳೆಯಿತು. 1975ರಲ್ಲಿ ಬಿಡುಗಡೆ ಆದ ಮೇಲೆ ಮಾತ್ರ ಮತ್ತೆ ಆ ಕಡೆ ಹೋಗಲಿಲ್ಲ. ಅಷ್ಟರಲ್ಲಿ ಬರೆದು ಬದುಕುವ ದಾರಿ ಸಿಕ್ಕಿತ್ತು. 1985ರ 'ರನ್‌ಅವೇ ಟ್ರೈನ್'ಗೆ ಚಿತ್ರಕಥೆ ಬರೆದವರಲ್ಲಿ ಅವನೂ ಒಬ್ಬ. ಆ ಸೆಟ್‌ನಲ್ಲಿ ಸ್ಯಾನ್ ಕ್ವೆಂಟಿನ್‌ನ ಹಳೇ ಪರಿಚಯದ ಡ್ಯಾನಿ ಟ್ರೆಹೋ ಕಂಡ. ಜೈಲಲ್ಲಿ ಅವನು ಬಾಕ್ಸಿಂಗ್ ಆಡಿದ್ದು ಬಂಕರ್‌ಗೆ ನೆನಪಿತ್ತು. ನಟನೊಬ್ಬನಿಗೆ ಬಾಕ್ಸಿಂಗ್ ಕಲಿಸುವ ಕೆಲಸ ಕೊಡಿಸಿದ. ಟ್ರೆಹೋ ಸಿನಿಮಾಕ್ಕೆ ಬಂದದ್ದೇ ಹಾಗೆ. ಬಂಕರ್‌ನಲ್ಲಿ ನನಗೆ ಜಾಸ್ತಿ ಇಷ್ಟವಾಗುವುದು ಇದು.

ಆ ರಾತ್ರಿ ಸಹವಾಸ ಇವತ್ತೇ ಬಿಡು. ಅಪರಾಧದ ಬಗ್ಗೆ ತಿಳಿಯಬೇಕಾ? ಕೋರ್ಟಿಗೆ ಹೋಗಿ ಹಿಂದಿನ ಬೆಂಚಿನಲ್ಲಿ ಸುಮ್ನೆ ಕೂತ್ಕೋ. ಜಾಮೀನು ಸಿಗಲಿಲ್ಲ ಅಂತ ಗೊತ್ತಾದಾಗ ಆರೋಪಿ ಮೊದಲು ಯಾರ ಮುಖ ನೋಡುತ್ತಾನೆ, ಅವನ ತಾಯಿ ಕೈಚೀಲವನ್ನು ಹೇಗೆ ಅವುಚಿಕೊಳ್ಳುತ್ತಾಳೆ, ಅದನ್ನು ನೋಡಿ ಬರೆ. ನಿನ್ನ ಕಾದಂಬರಿಯಲ್ಲಿ ಅಂಥ ಒಂದು ಪುಟವೂ ಇಲ್ಲ. ಕಳ್ಳ ಬರೀ ಡೈಲಾಗ್ ಹೊಡೆಯುತ್ತಾನೆ. ಅವನಿಗೆ ಹಸಿವಾಗಲ್ವಾ? ಭಯ ಆಗಲ್ವಾ?

ಮೂರನೇ ಅಧ್ಯಾಯ ತಿದ್ದಿ ನನಗೇ ಮೊದಲು ಕಳಿಸು. ಕೂತು ಓದಿ, ಅನಿಸಿದ್ದನ್ನೆಲ್ಲ ಬರೆಯುತ್ತೇನೆ.

ಇಂತಿ ನಿನ್ನ
ದೊಡ್ಡಮ್ಮ