ಡೆಟ್ರಾಯಿಟ್ ಜಗಳ ಭಾನುವಾರಕ್ಕೆ

ಗೆಳೆಯರೇ, ನಿನ್ನೆ ರಾತ್ರಿ ಅಮೆರಿಕದ ಡೆಟ್ರಾಯಿಟ್‌ನ ಮೂರು ದೊಡ್ಡ ಕಾರು ಕಂಪನಿಗಳು, ಅಂದರೆ ಜಿಎಂ (ಜನರಲ್ ಮೋಟಾರ್ಸ್), ಫೋರ್ಡ್ ಮತ್ತು ಕ್ರೈಸ್ಲರ್, 2008ರ ಆರ್ಥಿಕ ಬಿಕ್ಕಟ್ಟಿನಲ್ಲಿ ಸರ್ಕಾರದ ನೆರವು ಕೇಳಿದ ವಿಷಯಕ್ಕೆ ಗುಂಪಿನಲ್ಲಿ ಜಗಳವೇ ಆಗಿಹೋಯಿತು. ಭಾನುವಾರ ಸಂಜೆ 6ಕ್ಕೆ ಕಾಲ್‌ನಲ್ಲಿ ಮುಂದುವರಿಸೋಣ. ಅಲ್ಲಿಯವರೆಗೆ ದಯವಿಟ್ಟು ಫಾರ್ವರ್ಡ್ ಬೇಡ.

ಒಂದು ತಿದ್ದುಪಡಿ. ಮೂರೂ ಕಂಪನಿಗಳು ಸರ್ಕಾರದ ದುಡ್ಡಲ್ಲಿ ಉಳಿದುಕೊಂಡವು ಅಂತ ಗುಂಪಿನಲ್ಲಿ ಬಂದ ಮಾತು ಸುಳ್ಳು. ಆ ಹಣ ಪಡೆದದ್ದು ಜಿಎಂ ಮತ್ತು ಕ್ರೈಸ್ಲರ್. ಫೋರ್ಡ್ ಪಡೆಯಲಿಲ್ಲ.

ಜನರಿಗೆ ಸಿಟ್ಟು ಬಂದದ್ದು ಲೆಕ್ಕ ನೋಡಿ ಅಲ್ಲ, ವಿಮಾನ ನೋಡಿ. 2008ರ ನವೆಂಬರ್‌ನಲ್ಲಿ ಮೂವರು ಮುಖ್ಯಸ್ಥರೂ ಬೇರೆ ಬೇರೆ ಖಾಸಗಿ ವಿಮಾನದಲ್ಲಿ ವಾಷಿಂಗ್ಟನ್‌ಗೆ ಹೋಗಿ 2,500 ಕೋಟಿ ಡಾಲರ್ ಕೇಳಿದರು. ಬೇಡಲು ಹೊರಟವರು ಪಲ್ಲಕ್ಕಿ ಏರಿ ಹೋದಂತೆ! ಸಂಸದರು ಅಲ್ಲೇ ಗೇಲಿ ಮಾಡಿದರು. ಡಿಸೆಂಬರ್‌ನಲ್ಲಿ ಮೂವರೂ ವಿಮಾನ ಬಿಟ್ಟು ಕಾರಿನಲ್ಲಿ ರಸ್ತೆ ಹಿಡಿದರು. ಜಿಎಂನ ರಿಕ್ ವ್ಯಾಗನರ್ ಬಂದದ್ದು ಷೆವರ್ಲೆ ಮ್ಯಾಲಿಬು ಹೈಬ್ರಿಡ್‌ನಲ್ಲಿ. ಅಷ್ಟಾದರೂ ಸೆನೆಟ್‌ನಲ್ಲಿ ನೆರವಿನ ಮಸೂದೆ ಬಿದ್ದುಹೋಯಿತು. ಕೊನೆಗೆ ಬುಷ್ ಸರ್ಕಾರ ಬ್ಯಾಂಕುಗಳಿಗೆಂದು ಇಟ್ಟಿದ್ದ ನಿಧಿಯಿಂದ 1,740 ಕೋಟಿ ಡಾಲರ್ ಸಾಲ ಘೋಷಿಸಿತು.

ನನಗೆ ಇವತ್ತಿಗೂ ಚುಚ್ಚುವುದು ಇದು: ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಎಐಜಿ ವಿಮಾ ಕಂಪನಿಗೆ 8,500 ಕೋಟಿ ಡಾಲರ್ ಸಾಲ ಸಿಕ್ಕಿತ್ತು. ಅದಕ್ಕಾಗಿ ಯಾರೂ ಕಾರು ಓಡಿಸಿಕೊಂಡು ಬರಬೇಕಾಗಲಿಲ್ಲ, ಅಲ್ವಾ? ವ್ಯಾಗನರ್ ಅಂತೂ 2009ರ ಮಾರ್ಚ್‌ನಲ್ಲಿ ಒಬಾಮ ಸರ್ಕಾರದ ಒತ್ತಾಯಕ್ಕೆ ಕುರ್ಚಿಯನ್ನೇ ಬಿಟ್ಟರು.

ಒಪ್ಪದವರು ಭಾನುವಾರ ಬನ್ನಿ, ಸುಮ್ನೆ ಎಮೋಜಿ ಹಾಕಬೇಡಿ. ಲಿಂಕ್ ಶನಿವಾರ ಹಾಕುತ್ತೇನೆ.