ಗುಡ್ಡ ಉಳಿದರೆ ಹಳ್ಳ

ಪ್ರೀತಿಯ ಮಗಳೇ,

ಮೇಲಿನ ಇಳಿಜಾರಿನ ಜಮೀನನ್ನು ಸೈಟು ಮಾಡಲು ಅರ್ಜಿ ಬಿದ್ದಿದೆಯೆಂದೂ, ಅಹವಾಲು ಸಭೆಯಲ್ಲಿ ಈ ಸಲ ನೀನೇ ಮಾತಾಡುತ್ತೀಯೆಂದೂ ಕೇಳಿ ಮನಸ್ಸಿಗೆ ಹಿತವಾಯಿತು. "ಹಳ್ಳದಿಂದ ಅಷ್ಟು ದೂರ ಇದೆಯಲ್ಲ, ಹಳ್ಳಕ್ಕೇನು ತೊಂದರೆ ಅಂತ ಅವರು ಕೇಳಿದರೆ ಏನು ಹೇಳಲಮ್ಮ?" ಅಂದೆಯಲ್ಲ. ಅದು ಫೋನಿನಲ್ಲಿ ಹೇಳಿ ಮುಗಿಸುವ ಮಾತಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಮಳೆ ನಿಂತು ವಾರಗಟ್ಟಲೆ ಆದರೂ ಹಳ್ಳದಲ್ಲಿ ನೀರಿರುತ್ತದೆ. ಅದು ಗುಡ್ಡದ ನೀರು. ಮರದ ಬೇರು, ಎರೆಹುಳದ ದಾರಿ, ಕೊಳೆತ ತರಗೆಲೆ, ಇವೆಲ್ಲ ಸಡಿಲ ಮಾಡಿಟ್ಟ ಮಣ್ಣಿನಲ್ಲಿ ಮಳೆ ಇಂಗುತ್ತದೆ, ನಿಧಾನವಾಗಿ ಕೆಳಗಿಳಿದು ಒರತೆಯಾಗಿ ಹೊರಬರುತ್ತದೆ. ಆ ಮಣ್ಣನ್ನು ಕೆರೆದು, ಯಂತ್ರ ಓಡಿಸಿ ಅದುಮಿ, ಮೇಲೆ ಡಾಂಬರು ಹಾಕಿದರೆ ಏನಾಗುತ್ತದೆಂದು ಲೆಕ್ಕ ಹಾಕಿ ನೋಡು. ಒಂದು ಚದರ ಮೀಟರಿಗೆ ಒಂದು ಮಿಲಿಮೀಟರ್ ಮಳೆ ಅಂದರೆ ಒಂದು ಲೀಟರ್. ಒಂದು ಎಕರೆ ಡಾಂಬರಿನ ಮೇಲೆ 25 ಮಿ.ಮೀ. ಸುರಿದರೆ ಹತ್ತಿರಹತ್ತಿರ 1 ಲಕ್ಷ ಲೀಟರ್. ಇಂಗಬೇಕಾಗಿದ್ದ ಅಷ್ಟೂ ನೀರು ಚರಂಡಿ ಹಿಡಿದು ಒಂದೇ ಏಟಿಗೆ ಹಳ್ಳಕ್ಕೆ ನುಗ್ಗುತ್ತದೆ. ದಂಡೆ ಕುಸಿಯುತ್ತದೆ, ಪಾತ್ರ ಆಳಕ್ಕೆ ಕೊರೆದುಹೋಗುತ್ತದೆ. ಮುಂದೆ ಬೇಸಿಗೆ ಬಂದಾಗ ಅದೇ ಹಳ್ಳ ಒಣಗುತ್ತದೆ. ಮಳೆಗಾಲದ ನೆರೆಗೂ ಬೇಸಿಗೆಯ ಬರಕ್ಕೂ ಕಾರಣ ಒಂದೇ ಅನ್ನುವುದು ಬಹಳ ಜನಕ್ಕೆ ಹೊಳೆಯುವುದಿಲ್ಲ. ನೀನು ಮೊದಲು ಹೇಳಬೇಕಾದ್ದು ಇದನ್ನೇ.

ದೂರದ ಮಾತು ಬಂದರೆ, ಚರಂಡಿ ತೋಡಿದ ಮೇಲೆ ದೂರವೆಂಬುದೇ ಉಳಿಯುವುದಿಲ್ಲ ಎನ್ನು. ಅರ್ಧ ಮೈಲಿ ಆಚೆಯ ಚಾವಣಿಯ ನೀರೂ ನಿಮಿಷಗಳಲ್ಲಿ ಹಳ್ಳ ಸೇರುತ್ತದೆ. ಬರೀ ನೀರಲ್ಲ, ರಸ್ತೆಯಲ್ಲಿ ಬಿದ್ದದ್ದೆಲ್ಲ ಜೊತೆಗೆ ಬರುತ್ತದೆ. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಮಳೆ ಬಂದ ಬೆನ್ನಲ್ಲೇ ಕೋಹೊ ಸಾಲ್ಮನ್ ಮೀನುಗಳು ಮೊಟ್ಟೆಯಿಡುವ ಮೊದಲೇ ಸಾಯುತ್ತಿದ್ದವು. ಎಷ್ಟೋ ವರ್ಷ ಕಾರಣ ಗೊತ್ತಾಗಿರಲಿಲ್ಲ. ವಾಹನದ ಟೈರು ಸವೆದ ಪುಡಿಯಿಂದ ಹುಟ್ಟುವ ರಾಸಾಯನಿಕವೊಂದೇ ಕಾರಣವೆಂದು 2020ರಲ್ಲಿ ಪತ್ತೆಯಾಯಿತು.

ಸಭೆಗೆ ಮುಂಚೆ ಒಂದು ಬೆಳಿಗ್ಗೆ ಹಳ್ಳಕ್ಕೆ ಇಳಿ. ನೀರು ಸಣ್ಣಗೆ ಸದ್ದು ಮಾಡುತ್ತಾ ಕಲ್ಲುಗಳ ಮೇಲೆ ಹರಿಯುವ ಜಾಗದಲ್ಲಿ ಅಂಗೈಯಗಲದ ಒಂದು ಕಲ್ಲನ್ನು ಮೆಲ್ಲಗೆ ಮಗುಚು. ಚಪ್ಪಟೆ ಮೈಯ, ಬಾಲದಲ್ಲಿ ಮೂರು ಎಳೆ ಇರುವ ಹುಳ ಅಂಟಿಕೊಂಡಿದ್ದರೆ ಅದು ಮೇಫ್ಲೈ ಎಂಬ ಕೀಟದ ಮರಿ. ಎರಡೇ ಎಳೆ, ಒಂದೊಂದು ಕಾಲಿನ ತುದಿಗೂ ಎರಡೆರಡು ಉಗುರು ಇದ್ದರೆ ಸ್ಟೋನ್‌ಫ್ಲೈ ಎಂಬ ಇನ್ನೊಂದು ಕೀಟದ ಮರಿ. ಮರಳಿನ ಕಾಳುಗಳನ್ನು ತನ್ನ ರೇಷ್ಮೆಯಿಂದಲೇ ಅಂಟಿಸಿ ಕಟ್ಟಿದ ಪುಟ್ಟ ಕೊಳವೆಯೊಳಗೆ ಕ್ಯಾಡಿಸ್ ಹುಳ ಕೂತಿರುತ್ತದೆ. ಈ ಮೂರೂ ಇದ್ದರೆ ನೀರು ಚೆನ್ನಾಗಿದೆ ಎಂದರ್ಥ. ಸ್ಟೋನ್‌ಫ್ಲೈಗಂತೂ ತಣ್ಣನೆಯ, ಆಮ್ಲಜನಕ ತುಂಬಿದ ನೀರೇ ಆಗಬೇಕು. 10 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಲೀಟರ್ ನೀರು ಸುಮಾರು 11 ಮಿಲಿಗ್ರಾಂ ಆಮ್ಲಜನಕ ಹಿಡಿದಿಡಬಲ್ಲದು, 25 ಡಿಗ್ರಿಯಲ್ಲಿ 8ರಷ್ಟು ಮಾತ್ರ. ದಡದ ಮರ ಕಡಿದು ಬಿಸಿಲು ಬಿದ್ದರೆ ಹುಳಕ್ಕೆ ಉಸಿರು ಕಟ್ಟುತ್ತದೆ. ಕಟ್ಟಡದ ಕೆಲಸ ಶುರುವಾದಾಗ ಹರಿದು ಬರುವ ಬಗ್ಗಡ ಕಲ್ಲುಸಂದಿಗಳನ್ನು ಮುಚ್ಚಿಬಿಡುತ್ತದೆ, ಅವಕ್ಕೆ ಇರಲು ತಾವೇ ಇಲ್ಲವಾಗುತ್ತದೆ. ಕಂಡದ್ದನ್ನು ಬರೆದಿಟ್ಟುಕೋ, ಫೋಟೋ ತೆಗಿ. ನಾಳೆ ಯಾರಾದರೂ "ಮೊದಲೂ ಹೀಗೇ ಇತ್ತು" ಅಂದರೆ ತೋರಿಸಲು ನಿನ್ನ ಹತ್ತಿರ ಏನಾದರೂ ಇರಬೇಕು.

ಇನ್ನು ನನ್ನನ್ನು ಬಹಳ ಕಾಡುವ ಸಂಗತಿ. ಹಳ್ಳವನ್ನು ಯಾರೂ ಒಂದೇ ದಿನ ಕೊಲ್ಲುವುದಿಲ್ಲ. ಇಲ್ಲಿ ನಾಲ್ಕು ಮನೆ, ಅಲ್ಲೊಂದು ಗೋದಾಮು, ಮತ್ತೊಂದು ಕಡೆ ರಸ್ತೆ ಅಗಲ ಮಾಡುವುದು. ಪ್ರತಿ ಅರ್ಜಿಯನ್ನೂ ಬಿಡಿಯಾಗಿ ನೋಡಿದರೆ ಸಣ್ಣದೇ, ಒಪ್ಪಿಗೆ ಕೊಡದಿರಲು ಕಾರಣವೇ ಕಾಣದು. ಥಾಮಸ್ ಶೂಲರ್ ಎಂಬ ಅಮೆರಿಕದ ತಜ್ಞರೊಬ್ಬರು 1994ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದಾಗ ಕಂಡದ್ದು ಇದು: ಜಲಾನಯನದಲ್ಲಿ, ಅಂದರೆ ಹಳ್ಳಕ್ಕೆ ನೀರು ಹರಿದು ಬರುವ ಇಡೀ ಪ್ರದೇಶದಲ್ಲಿ, ನೀರಿಂಗದ ನೆಲ ಶೇ. 10ರಷ್ಟಾಗುವ ಹೊತ್ತಿಗೇ ಹಳ್ಳ ಕೆಡಲು ತೊಡಗಿರುತ್ತದೆ, ಶೇ. 25 ದಾಟಿದರೆ ಸಾಮಾನ್ಯವಾಗಿ ಕೈತಪ್ಪಿದಂತೆಯೇ. ಶೇ. 9 ಆದರೆ ಪರವಾಗಿಲ್ಲ ಎಂದು ಇದನ್ನು ಓದಬೇಡ. ಈ ಅರ್ಜಿ ಎಷ್ಟು ದೊಡ್ಡದು ಎಂದಲ್ಲ, ಇದೂ ಸೇರಿದರೆ ಇಡೀ ಜಲಾನಯನದಲ್ಲಿ ಎಷ್ಟಾಯಿತು ಎಂದು ಕೇಳು. ಆ ಲೆಕ್ಕ ಯಾರೂ ಇಟ್ಟಿಲ್ಲವಾದರೆ, ಇಡುವವರೆಗೂ ಒಪ್ಪಿಗೆ ಬೇಡ ಎನ್ನು.

ಮಾರುವವರ ಮೇಲೆ ಮಾತ್ರ ಹರಿಹಾಯಬೇಡ, ಕಂದ. ವಯಸ್ಸಾದವರಿಗೆ ಆ ಜಮೀನೇ ಉಳಿತಾಯ. ಅವರಿಗೆ ಬೇರೆ ದಾರಿ ತೋರಿಸದೆ ಹಳ್ಳ ಉಳಿಸಿ ಎನ್ನುವುದು ಅನ್ಯಾಯ. ನ್ಯೂಯಾರ್ಕ್ ನಗರದ ಕುಡಿಯುವ ನೀರು ಬಹುಪಾಲು ಬರುವುದು ಕ್ಯಾಟ್‌ಸ್ಕಿಲ್ ಬೆಟ್ಟಗಳ ಕಡೆಯ ಹಳ್ಳಿಗಾಡಿನಿಂದ. ಆ ನೀರಿಗೆ ಶೋಧನಾ ಘಟಕ ಕಟ್ಟಲು ನೂರಾರು ಕೋಟಿ ಡಾಲರ್ ಬೇಕಿತ್ತು. ಅದರ ಬದಲು 1997ರಲ್ಲಿ ನಗರ ಮೇಲಿನ ಊರುಗಳೊಂದಿಗೆ ಒಪ್ಪಂದ ಮಾಡಿಕೊಂಡಿತು. ಮಾರಲು ತಾವಾಗಿ ಒಪ್ಪಿದವರಿಂದಷ್ಟೇ ಜಮೀನು ಕೊಂಡಿತು, ಶೌಚಗುಂಡಿಗಳ ದುರಸ್ತಿಗೂ ರೈತರು ಕೊಟ್ಟಿಗೆ ಗೊಬ್ಬರ ಹಳ್ಳಕ್ಕಿಳಿಯದಂತೆ ನೋಡಿಕೊಳ್ಳುವುದಕ್ಕೂ ಹಣ ಕೊಟ್ಟಿತು. ಜಮೀನನ್ನು ಸೈಟು ಮಾಡುವ ಹಕ್ಕನ್ನಷ್ಟೇ ಮಾರಿ ಬೇಸಾಯ ಮುಂದುವರಿಸಿದವರೂ ಇದ್ದಾರೆ. ಕೆಳಗೆ ನೀರು ಕುಡಿಯುವವರು ಮೇಲೆ ನೆಲ ಕಾಯುವವರಿಗೆ ಹಣ ಕೊಡುವುದು ನ್ಯಾಯವೇ, ಇದನ್ನು ಸಂಕೋಚವಿಲ್ಲದೆ ಕೇಳು.

ಕಟ್ಟುವುದು ನಿಲ್ಲುವುದೇ ಇಲ್ಲ ಎಂದಾದರೆ ಮೂರು ವಿಷಯದಲ್ಲಿ ಸಡಿಲ ಬಿಡಬೇಡ. ಹಳ್ಳದ ಎರಡೂ ದಂಡೆಗೆ ಕಡೇಪಕ್ಷ 30 ಮೀಟರ್ ಮರಗಿಡ ಇರಬೇಕು, ಅದಕ್ಕಿಂತ ಕಮ್ಮಿಗೆ ಒಪ್ಪಬೇಡ. ಮನೆಗಳು ಈಗಿರುವ ರಸ್ತೆಯ ಹತ್ತಿರವೇ ಒತ್ತಾಗಿ ಬರಲಿ, ಉಳಿದ ಇಳಿಜಾರಿಗೆ ಯಂತ್ರ ಹತ್ತಬಾರದು. ಚಾವಣಿಯ ನೀರು ಆಯಾ ಜಾಗದಲ್ಲೇ ಇಂಗಬೇಕು. ಮಳೆಗಾಲದಲ್ಲಷ್ಟೇ ಹರಿಯುವ ಮೇಲಿನ ಸಣ್ಣ ಕಾಲುವೆಗಳನ್ನು ನಕ್ಷೆಯಲ್ಲಿ ಬಿಟ್ಟಿರುವ ಸಾಧ್ಯತೆ ಹೆಚ್ಚು, ಅವನ್ನು ಮೊದಲೇ ನಡೆದು ಗುರುತು ಹಾಕಿಕೋ. ನಕ್ಷೆಯ ಪ್ರತಿ ಸಿಕ್ಕ ಕೂಡಲೇ ನನಗೂ ಒಂದು ಕಳಿಸು, ಇಬ್ಬರೂ ಕೂತು ನೋಡೋಣ.

ನಿನ್ನ ಅಮ್ಮ